ಹವಾಮಾನ ಸಲಹೆಗೆ ಬಿದ್ದ ಕತ್ತರಿ

ಆಳಂದ, ಅಫಜಲಪುರ, ಜೇವರ್ಗಿ: ಕಲಬುರಗಿ ಜಿಲ್ಲೆಯ ತೊಗರಿ ಸೀಮೆ. ಇಲ್ಲಿ ತೊಗರಿ ಬಹುಪಾಲು ಮಳೆಯಾಶ್ರಿತ. ಹೂ ಬಿಟ್ಟಾಗ ಮೋಡ ಕವಿದರೆ ಹೂ ಉದುರುತ್ತದೆ, ಕಾಯಿಕೊರಕದ ಕಾಟ ಹೆಚ್ಚುತ್ತದೆ. ಔಷಧ ಸಿಂಪಡಿಸಿದ ಸಂಜೆಯೇ ಮಳೆ ಸುರಿದರೆ ದುಡ್ಡೂ ದುಡಿಮೆಯೂ ನೀರುಪಾಲು.

ಇಂಥ ನಷ್ಟ ತಪ್ಪಿಸಲೆಂದೇ ಭಾರತೀಯ ಹವಾಮಾನ ಇಲಾಖೆ 2018ರಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಆರಂಭಿಸಿತು. ದೇಶದ 199 ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಇವು ತೆರೆದವು. ಪ್ರತಿ ಮಂಗಳವಾರ, ಶುಕ್ರವಾರ ತಜ್ಞರು ಮುನ್ಸೂಚನೆಯನ್ನು ತಾಲ್ಲೂಕು ಮಟ್ಟದ ಸಲಹೆಯಾಗಿ ಬರೆಯುತ್ತಿದ್ದರು: ಯಾವಾಗ ಬಿತ್ತಬೇಕು, ಯಾವಾಗ ಸಿಂಪಡಿಸಬೇಕು, ರಾಶಿ ಯಾವಾಗ ಮಾಡಬೇಕು.

2024ರಲ್ಲಿ ಈ ಘಟಕಗಳು ಮುಚ್ಚಿದವು. ಮಾಹಿತಿ ಸಂಗ್ರಹ ಸ್ವಯಂಚಾಲಿತವಾಗಿದೆ, ಸಿಬ್ಬಂದಿಯ ವೆಚ್ಚ ಬೇಕಿಲ್ಲ ಎಂಬುದು ನೀತಿ ಆಯೋಗದ ವಾದವೆಂದು ವರದಿಯಾಯಿತು. ಯಂತ್ರ ಮಳೆ ಅಳೆಯುತ್ತದೆ, ನಿಜ. ಬೆಳೆ ಯಾವ ಹಂತದಲ್ಲಿದೆ ಎಂದು ನೋಡಿ ಸಲಹೆ ಕೊಡುವುದು ಮನುಷ್ಯರ ಕೆಲಸ.

ಕೃಷಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿನ 130 ಕೃಷಿ ಹವಾಮಾನ ಕ್ಷೇತ್ರ ಘಟಕಗಳು ಉಳಿದಿವೆ, ರಾಯಚೂರಿನದು ಅವುಗಳಲ್ಲೊಂದು. ಮೇಘದೂತ್ ಆ್ಯಪ್, ರಾಜ್ಯದ ವರುಣಮಿತ್ರ ಸಹಾಯವಾಣಿಯೂ ಇವೆ. ಬಿತ್ತನೆ, ಸಿಂಪಡಣೆಗೆ ಮುನ್ನ ಇವುಗಳ ಸಲಹೆ ಪಡೆಯುವುದು ಒಳ್ಳೆಯದು.