ಹೆಸರು, ರೂಪ, ವರ್ತನೆ: ವಿಡಿಯೊ ಆಟಗಳ ಎದುರಾಳಿಗಳ ವಿಂಗಡಣೆ ಮತ್ತು ಜಾನಪದ ವರ್ಗೀಕರಣದ ಕೆಲವು ಪ್ರಶ್ನೆಗಳು

ಜಾನಪದ ಅಧ್ಯಯನವು ಒಂದು ಶಿಸ್ತಾಗಿ ರೂಪುಗೊಂಡಂದಿನಿಂದಲೂ ಅದನ್ನು ಬಿಡದೆ ಕಾಡುತ್ತಿರುವ ಪ್ರಶ್ನೆಯೊಂದಿದೆ. ಒಂದನ್ನೊಂದು ಹೋಲುವ ಎರಡು ಪಠ್ಯಗಳನ್ನು ಒಂದೇ ಎಂದು ಪರಿಗಣಿಸಬೇಕಾದುದು ಯಾವಾಗ, ಬೇರೆ ಬೇರೆ ಎಂದು ಪರಿಗಣಿಸಬೇಕಾದುದು ಯಾವಾಗ? ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಪ್ರಕಟಿಸಿದ ಕಥಾವರ್ಗಗಳ ಸೂಚಿ, ಸ್ಟಿತ್ ಥಾಂಪ್ಸನ್ 1928 ಹಾಗೂ 1961ರಲ್ಲಿ ಅದಕ್ಕೆ ಮಾಡಿದ ಪರಿಷ್ಕರಣೆಗಳು, 2004ರಲ್ಲಿ ಹಾನ್ಸ್ ಯೋರ್ಗ್ ಊಥರ್ ಮೂರು ಸಂಪುಟಗಳಲ್ಲಿ ಅದನ್ನು ಮತ್ತೆ ಬಿಚ್ಚಿ ಕಟ್ಟಿದ ಬಗೆ, ಇವೆಲ್ಲವೂ ಈ ಪ್ರಶ್ನೆಗೆ ನೀಡಿದ ಉತ್ತರಗಳೇ ಆಗಿವೆ. ಜಾನಪದದ ಯಾವ ತರಬೇತಿಯೂ ಇಲ್ಲದ, ಬಹುಪಾಲು ಅನಾಮಧೇಯವಾದ ಜನಸಮೂಹವೊಂದು ಕಳೆದ ಎರಡು ದಶಕಗಳಿಂದ ಇದೇ ಪ್ರಶ್ನೆಯನ್ನು ತನ್ನದೇ ಆದ ಕ್ಷೇತ್ರದಲ್ಲಿ ಬಿಡಿಸಲು ಯತ್ನಿಸುತ್ತಿದೆ. ಆ ಸಮೂಹ ವಿಡಿಯೊ ಆಟಗಳ ಅಭಿಮಾನಿಗಳದು. ಅವರು ಕಟ್ಟಿರುವ ವಿಕಿಗಳಲ್ಲಿ ಪರಸ್ಪರ ಹೋಲುವ ಎದುರಾಳಿಗಳನ್ನು ವಿಂಗಡಿಸುವ ಕ್ರಮವನ್ನು ಜಾನಪದ ವರ್ಗೀಕರಣದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಕಿ ಎಂಬುದು ಹವಾಯಿ ಭಾಷೆಯಲ್ಲಿ ‘ಬೇಗ’ ಎಂಬ ಅರ್ಥದ ಪದ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ರೂಪಿಸಿದ, ಓದುಗರೇ ತಿದ್ದಬಹುದಾದ ಪುಟಗಳ ವ್ಯವಸ್ಥೆಗೆ ಈ ಹೆಸರು ಬಂದಿತು. 2001ರಲ್ಲಿ ವಿಕಿಪೀಡಿಯ ಆರಂಭವಾದ ನಂತರ ಒಂದೊಂದು ಆಟಕ್ಕೂ ಮೀಸಲಾದ ವಿಕಿಗಳು ಹುಟ್ಟಿಕೊಂಡವು. 2005ರಲ್ಲಿ ಆರಂಭವಾದ ‘ಸೂಪರ್ ಮಾರಿಯೊ ವಿಕಿ’ ಅವುಗಳಲ್ಲೊಂದು. ಇಲ್ಲಿನ ಚರ್ಚೆಗೆ ಮುಖ್ಯವಾಗಿ ಅದನ್ನೇ ಆಧಾರವಾಗಿಟ್ಟುಕೊಳ್ಳಲಾಗಿದೆ. ಆಟದ ನಾಯಕನ ದಾರಿಗೆ ಅಡ್ಡಬರುವ ಪ್ರಾಣಿ, ಭೂತ, ಯಂತ್ರ, ಸಸ್ಯ ಮೊದಲಾದವುಗಳನ್ನೆಲ್ಲ ಒಟ್ಟಾಗಿ ಎದುರಾಳಿಗಳೆಂದು ಕರೆಯಬಹುದು. ಜನಪದ ಕಥೆಗಳಲ್ಲಿ ರಾಕ್ಷಸರು ಇರುವ ಸ್ಥಾನದಲ್ಲಿ ಇಲ್ಲಿ ಇವು ಇವೆ. ಥಾಂಪ್ಸನ್ನನ ಆಶಯ ಸೂಚಿಯಲ್ಲಿ ರಾಕ್ಷಸರಿಗೆ ಒಂದು ಪೂರ್ಣ ಅಧ್ಯಾಯವೇ ಮೀಸಲಾಗಿರುವಂತೆ, ಈ ವಿಕಿಗಳಲ್ಲಿಯೂ ಎದುರಾಳಿಗಳ ಪುಟಗಳದೇ ದೊಡ್ಡ ಪಾಲು.

ಆಟಗಳಲ್ಲಿ ಒಂದರಂತೆ ಇನ್ನೊಂದು ಇರುವ ಎದುರಾಳಿಗಳು ಇಷ್ಟೊಂದು ಸಂಖ್ಯೆಯಲ್ಲಿ ಇರುವುದೇಕೆ ಎಂಬುದಕ್ಕೆ ಮೊದಲ ಕಾರಣ ಸೌಂದರ್ಯದ್ದಲ್ಲ, ಮಿತವ್ಯಯದ್ದು. ನಿಂಟೆಂಡೊ ಸಂಸ್ಥೆಯ ‘ಸೂಪರ್ ಮಾರಿಯೊ ಬ್ರದರ್ಸ್’ 1985ರಲ್ಲಿ ಹೊರಬಂದಾಗ ಇಡೀ ಆಟವನ್ನು 40 ಕಿಲೋಬೈಟುಗಳಲ್ಲಿ ಅಡಗಿಸಬೇಕಾಗಿತ್ತು. ಚಲಿಸುವ ಚಿತ್ರವೊಂದಕ್ಕೆ ಆ ಯಂತ್ರದಲ್ಲಿ ಏಕಕಾಲಕ್ಕೆ ಲಭ್ಯವಿದ್ದುದು ನಾಲ್ಕು ವರ್ಣಗುಚ್ಛಗಳು. ಒಂದೊಂದು ಗುಚ್ಛದಲ್ಲಿ ಮೂರೇ ಬಣ್ಣಗಳು. ಆದುದರಿಂದ ಒಂದೇ ಚಿತ್ರಕ್ಕೆ ಬೇರೆ ಬಣ್ಣ ತುಂಬಿ ಹೊಸ ಎದುರಾಳಿಯನ್ನು ಪಡೆಯುವುದು ಸುಲಭದ ಉಪಾಯವಾಯಿತು. ಆ ಆಟದ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಇರುವುದು ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. 1986ರ ‘ಡ್ರ್ಯಾಗನ್ ಕ್ವೆಸ್ಟ್’ ಆಟದಲ್ಲಿ ನೀಲಿಯ ಲೋಳೆಜೀವಿ ಅತ್ಯಂತ ದುರ್ಬಲ. ಅದೇ ಆಕೃತಿಯ ಲೋಹವರ್ಣದ ಜೀವಿಯಾದರೋ ಸುಲಭಕ್ಕೆ ಸಾಯದು, ಕೈಗೆ ಸಿಕ್ಕುವ ಮೊದಲೇ ಓಡಿಹೋಗುತ್ತದೆ, ಗೆದ್ದವನಿಗೆ ಅಪಾರ ಅನುಭವಾಂಕ ಕೊಡುತ್ತದೆ. ಬಣ್ಣವೊಂದೇ ಇಲ್ಲಿ ವರ್ತನೆಯ ಗುರುತು. ಯಕ್ಷಗಾನದ ಮುಖವರ್ಣಿಕೆಯನ್ನು ಬಲ್ಲವರಿಗೆ ಇದು ಅಪರಿಚಿತ ತರ್ಕವೇನಲ್ಲ.

ಆದರೆ ವಿಕಿಯ ಸಂಪಾದಕನಿಗೆ ಎದುರಾಗುವ ತೊಡಕು ಇಲ್ಲಿಂದಲೇ ಪ್ರಾರಂಭವಾಗುತ್ತದೆ. ಮಾರಿಯೊ ಆಟದಲ್ಲಿ ಕೂಪಾ ಟ್ರೂಪಾ ಎಂಬ ಆಮೆಯಾಕಾರದ ಎದುರಾಳಿಯಿದೆ. 1985ರ ಆಟದಲ್ಲಿ ಹಸಿರು ಚಿಪ್ಪಿನದು ಅಂಚಿಗೆ ಬಂದರೂ ನಿಲ್ಲದೆ ಕೆಳಗೆ ಬೀಳುತ್ತದೆ; ಕೆಂಪು ಚಿಪ್ಪಿನದು ಅಂಚನ್ನು ಕಂಡು ಹಿಂದಿರುಗುತ್ತದೆ. ವರ್ತನೆಯಲ್ಲಿ ಇಷ್ಟು ಸ್ಪಷ್ಟವಾದ, ಶಾಶ್ವತವಾದ ಅಂತರವಿದ್ದರೂ ಇವೆರಡಕ್ಕೂ ವಿಕಿಯಲ್ಲಿ ಇರುವುದು ಒಂದೇ ಪುಟ. ಅದೇ ಆಮೆಗೆ ರೆಕ್ಕೆ ಇದ್ದರೆ ಅದು ಪಾರಾಟ್ರೂಪಾ. ಅದಕ್ಕೆ ಪ್ರತ್ಯೇಕ ಪುಟ. ಆದರೆ ಮಾರಿಯೊ ಅದರ ತಲೆಯ ಮೇಲೆ ಒಮ್ಮೆ ಹಾರಿದರೆ ರೆಕ್ಕೆ ಉದುರಿ ಅದು ಸಾಧಾರಣ ಕೂಪಾ ಆಗುತ್ತದೆ. 1990ರ ‘ಸೂಪರ್ ಮಾರಿಯೊ ವರ್ಲ್ಡ್’ ಆಟದಲ್ಲಿ ಇನ್ನೊಮ್ಮೆ ಹಾರಿದರೆ ಚಿಪ್ಪು ಕಳಚಿ, ಬರಿಮೈಯ ಬೀಚ್ ಕೂಪಾ ಹೊರಬೀಳುತ್ತದೆ. ಅದಕ್ಕೆ ಮತ್ತೊಂದು ಪುಟ. ಹೀಗೆ ಒಂದೇ ಜೀವಿ ಎರಡು ತುಳಿತಗಳಲ್ಲಿ ಮೂರು ಪುಟಗಳನ್ನು ದಾಟಿಹೋಗುತ್ತದೆ. ಎಂದೂ ಒಂದಾಗದ ಎರಡು ಜೀವಿಗಳು ಒಂದೇ ಪುಟದಲ್ಲಿ ಉಳಿಯುತ್ತವೆ.

ಇದು ಅಸಂಗತವೆಂದು ತೋರಬಹುದು. ಆದರೆ ಇದರ ಹಿಂದೆ ದೃಢವಾದ ನಿಯಮವೊಂದಿದೆ. ವಿಂಗಡಣೆಗೆ ಪ್ರಧಾನ ಆಧಾರ ರೂಪವಲ್ಲ, ವರ್ತನೆಯೂ ಅಲ್ಲ, ಹೆಸರು. ರಚನೆಕಾರರು ಪ್ರತ್ಯೇಕ ಹೆಸರಿಟ್ಟಿದ್ದರೆ ಪ್ರತ್ಯೇಕ ಪುಟ. ಹೆಸರಿಗೆ ಬಣ್ಣದ ವಿಶೇಷಣವನ್ನಷ್ಟೇ ಸೇರಿಸಿದ್ದರೆ ಅದೇ ಪುಟ. ಜಪಾನೀ ಮೂಲದಲ್ಲಿ ಕೂಪಾ ಟ್ರೂಪಾದ ಹೆಸರು ನೊಕೊನೊಕೊ, ರೆಕ್ಕೆಯದು ಪಾಟಾಪಾಟಾ. ಮೊದಲನೆಯದು ನಿಧಾನವಾಗಿ ಸಾಗುವುದನ್ನೂ ಎರಡನೆಯದು ರೆಕ್ಕೆ ಬಡಿಯುವುದನ್ನೂ ಸೂಚಿಸುವ ಅನುಕರಣ ಶಬ್ದಗಳು. ಕೆಂಪು ಮತ್ತು ಹಸಿರು ಎರಡೂ ನೊಕೊನೊಕೊಗಳೇ. ಅಂದರೆ ಪುಟದ ಗಡಿಯನ್ನು ನಿರ್ಧರಿಸುವುದು ನಾಮಕರಣದ ಅಧಿಕಾರ.

ಈ ನಿಯಮದ ಬಲವೂ ಮಿತಿಯೂ ಒಟ್ಟಿಗೆ ಕಾಣುವುದು ಗೂಂಬಾ ಎಂಬ ಎದುರಾಳಿಯ ವಿಷಯದಲ್ಲಿ. ಅಣಬೆಯಾಕಾರದ ಗೂಂಬಾ ಮಾರಿಯೊ ಆಟದ ಆದ್ಯ ಎದುರಾಳಿ. ತುಳಿದರೆ ಅಪ್ಪಚ್ಚಿಯಾಗಿ ಸಾಯುತ್ತದೆ. ‘ಸೂಪರ್ ಮಾರಿಯೊ ವರ್ಲ್ಡ್’ ಆಟದಲ್ಲಿ ಅದರ ಸ್ಥಾನದಲ್ಲಿ ಬಂದದ್ದು ಗುಂಡಗಿನ ಒಂದು ಜೀವಿ. ತುಳಿದರೆ ಅದು ಸಾಯುವುದಿಲ್ಲ. ಅಂಗಾತ ಬೀಳುತ್ತದೆ, ಅದನ್ನು ಎತ್ತಿ ಎಸೆಯಬಹುದು. ಜಪಾನೀ ಭಾಷೆಯಲ್ಲಿ ಮೊದಲಿನದು ಕುರಿಬೊ, ಇದು ಕುರಿಬೊನ್. ಹತ್ತಿರದವೇ ಆದರೂ ಎರಡು ಹೆಸರುಗಳು. ಇಂಗ್ಲಿಷ್ ಆವೃತ್ತಿಯಾದರೋ ಎರಡನ್ನೂ ಗೂಂಬಾ ಎಂದೇ ಕರೆಯಿತು. ಹೀಗಾಗಿ ಜಪಾನಿನ ಆಟಗಾರನಿಗೆ 1990ರಿಂದಲೇ ಎರಡಾಗಿದ್ದುದು ಇಂಗ್ಲಿಷಿನ ಆಟಗಾರನಿಗೆ ಎರಡು ದಶಕಗಳ ಕಾಲ ಒಂದೇ ಆಗಿತ್ತು. 2013ರ ‘ಸೂಪರ್ ಮಾರಿಯೊ 3ಡಿ ವರ್ಲ್ಡ್’ ಆಟದಲ್ಲಿ ಗುಂಡಗಿನ ಜೀವಿ ಮರಳಿ ಬಂದಾಗ ಅದಕ್ಕೆ ಇಂಗ್ಲಿಷಿನಲ್ಲಿ ಗಲೂಂಬಾ ಎಂಬ ಹೊಸ ಹೆಸರು ದೊರೆಯಿತು. ಜೀವಿಯಲ್ಲಿ ಯಾವ ಮೂಲಭೂತ ಬದಲಾವಣೆಯೂ ಆಗಿರಲಿಲ್ಲ. ಹೆಸರು ಬಂದ ಮೇಲೆ ಭೇದಕ್ಕೆ ಅಧಿಕೃತತೆ ಬಂದಿತು, ಅಷ್ಟೆ.

ಇಲ್ಲಿ ಜಾನಪದ ವಿದ್ವಾಂಸನು ವ್ಲಾದಿಮಿರ್ ಪ್ರಾಪ್‌ನನ್ನು ನೆನೆಯದಿರಲಾರ. ಪಾತ್ರಗಳು ಬದಲಾಗುತ್ತವೆ, ಅವು ನಿರ್ವಹಿಸುವ ಕ್ರಿಯೆಗಳು ಸ್ಥಿರ ಎಂಬುದು 1928ರ ಆತನ ಗ್ರಂಥದ ತಿರುಳು. ವಿಶೇಷವೆಂದರೆ, ಈ ಸಿದ್ಧಾಂತವನ್ನು ಆಟವೊಂದು ತಾನಾಗಿಯೇ ಪ್ರಯೋಗಿಸಿ ತೋರಿಸಿದೆ. 2015ರ ‘ಸೂಪರ್ ಮಾರಿಯೊ ಮೇಕರ್’ ಆಟಗಾರರೇ ಹಂತಗಳನ್ನು ಕಟ್ಟುವ ಆಟ. ಅದರಲ್ಲಿ 1985ರ ಶೈಲಿಯಲ್ಲಿ ಒಂದು ಗೂಂಬಾವನ್ನು ಇರಿಸಿ, ಆನಂತರ ಶೈಲಿಯನ್ನು 1990ರದಕ್ಕೆ ಬದಲಿಸಿದರೆ ಅದೇ ಜಾಗದಲ್ಲಿ ಗಲೂಂಬಾ ನಿಂತಿರುತ್ತದೆ. ಸ್ಥಾನ ಒಂದೇ, ಅದನ್ನು ತುಂಬುವವರು ಬೇರೆ. ಅಲನ್ ಡಂಡಸ್ 1962ರ ತನ್ನ ಲೇಖನದಲ್ಲಿ ಪ್ರತಿಪಾದಿಸಿದಂತೆ, ಒಂದೇ ರಾಚನಿಕ ಸ್ಥಾನದಲ್ಲಿ ಒಂದರ ಬದಲು ಇನ್ನೊಂದು ಬರಬಲ್ಲ ಆಶಯಗಳ ಸಂಬಂಧವೇ ಇದು. ಪ್ರಾಪ್‌ನ ಮಾನದಂಡದಲ್ಲಿ ಇವೆರಡೂ ಒಂದು. ಹೆಸರಿನ ಮಾನದಂಡದಲ್ಲಿ ಎರಡು. ವಿಕಿ ಎರಡನೆಯದನ್ನು ಅನುಸರಿಸಿ ಪುಟಗಳನ್ನು ಬೇರ್ಪಡಿಸಿದೆ. ಮೊದಲನೆಯದನ್ನು ಪುಟದೊಳಗಿನ ವಿವರಣೆಗೆ ಉಳಿಸಿಕೊಂಡಿದೆ. ನನ್ನ ಅಭಿಪ್ರಾಯದಲ್ಲಿ ಇದು ವಿವೇಕದ ಆಯ್ಕೆ. ಏಕೆಂದರೆ ಕ್ರಿಯೆಯನ್ನಷ್ಟೇ ನೋಡುವ ವರ್ಗೀಕರಣವು ಎಲ್ಲವನ್ನೂ ಕೆಲವೇ ಸ್ಥಾನಗಳಿಗೆ ಇಳಿಸಿ, ಸ್ಥಳೀಯವಾದುದನ್ನು ನುಂಗಿಬಿಡುತ್ತದೆ.

ನಮ್ಮ ಹಂಚಿಯ ಕಥೆಗೂ ಇದೇ ಪ್ರಶ್ನೆ ಎದುರಾಗಿದೆ. ಎ. ಕೆ. ರಾಮಾನುಜನ್ ಈ ಕಥೆಯನ್ನು ಕನ್ನಡದ ಸಿಂಡರೆಲಾ ಎಂದು ವಿಶ್ಲೇಷಿಸಿದರು. ಆ ಲೇಖನ 1982ರಲ್ಲಿ ಡಂಡಸ್ ಸಂಪಾದಿಸಿದ ಸಿಂಡರೆಲಾ ಕುರಿತ ಸಂಕಲನದಲ್ಲಿ ಸೇರಿದೆ. ಮುಖವನ್ನು ಮಣ್ಣಿನ ಹಂಚಿನಿಂದ ಮರೆಮಾಡಿಕೊಂಡ ನಾಯಕಿಯ ಈ ಕಥೆಯಲ್ಲಿ ಗಾಜಿನ ಪಾದರಕ್ಷೆಯಿಲ್ಲ. ಆದರೂ ರಚನೆಯ ಸಾಮ್ಯದಿಂದ ಅದು ಆ ಕುಟುಂಬಕ್ಕೆ ಸೇರುತ್ತದೆ. ಮರಿಯನ್ ಕಾಕ್ಸ್ 1893ರಲ್ಲೇ ಸಿಂಡರೆಲಾ ಮತ್ತು ಅದಕ್ಕೆ ಹತ್ತಿರದ ಕಥೆಗಳ 345 ಪಾಠಗಳನ್ನು ಒಟ್ಟುಗೂಡಿಸಿದ್ದಳು. ಹಂಚಿಯನ್ನು ಆ ಸಾಲಿಗೆ ಸೇರಿಸಿದಾಗ ದೊರೆಯುವುದು ಬಹಳ. ಆದರೆ ಹೇಳುವವಳ ನಾಲಗೆಯ ಮೇಲಿರುವುದು ಹಂಚಿ ಎಂಬ ಹೆಸರು, ಸಿಂಡರೆಲಾ ಅಲ್ಲ.

ಹೆಸರು ಸಾಲದೆ ಹೋದಾಗ ವಿಕಿಗಳು ಸಂಬಂಧಗಳನ್ನು ಸೂಚಿಸುವ ಕ್ರಮವೂ ಗಮನಾರ್ಹ. ಪ್ರತಿ ಎದುರಾಳಿಯ ಪುಟದಲ್ಲಿ ಚಿಕ್ಕ ಪಟ್ಟಿಯೊಂದಿರುತ್ತದೆ. ಮಾರಿಯೊ ವಿಕಿಯಲ್ಲಿ ಮೊದಲು ಅದರಲ್ಲಿ ‘ಮೂಲ ಪ್ರಭೇದ’, ‘ಉಪಪ್ರಭೇದ’ ಎಂಬ ಜೀವಶಾಸ್ತ್ರೀಯ ಅಂಕಣಗಳಿದ್ದವು. ಆದರೆ ಮುಳ್ಳಿರುವ ಗೂಂಬಾ, ಮೂಳೆಯಾದ ಆಮೆ, ಚಿನ್ನದ ಆಮೆ ಇವೆಲ್ಲ ಯಾವ ವಂಶವೃಕ್ಷದಲ್ಲಿ ಕವಲೊಡೆದವು? ಸತ್ತು ಅಸ್ಥಿಪಂಜರವಾದುದನ್ನು ಉಪಪ್ರಭೇದ ಎನ್ನಲಾಗದು. ಕಾಲಕ್ರಮದಲ್ಲಿ ಆ ಅಂಕಣಗಳ ಜಾಗದಲ್ಲಿ ‘ಭಿನ್ನರೂಪ’ ಮತ್ತು ‘ಸಂಬಂಧಿಗಳು’ ಎಂಬ ಅಂಕಣಗಳು ಬಂದವು. ಒಂದು ಇನ್ನೊಂದರಿಂದ ಹುಟ್ಟಿತು ಎಂಬ ಊಹೆಯನ್ನು ಕೈಬಿಟ್ಟು, ಒಂದು ಇನ್ನೊಂದರ ಆಧಾರದ ಮೇಲೆ ರಚಿತವಾಗಿದೆ ಎಂಬಷ್ಟಕ್ಕೆ ನಿಂತ ಪದ ಇದು. ಮೂಲಪಾಠವನ್ನು ಹುಡುಕಿ ಹೊರಟ ಫಿನ್ನಿಷ್ ಪಂಥದಿಂದ ಪ್ರತಿ ಪಾಠವನ್ನೂ ಗೌರವಿಸುವ ನಿಲುವಿಗೆ ಬರಲು ನಮ್ಮ ಶಿಸ್ತಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು ಎಂಬುದನ್ನು ಇಲ್ಲಿ ನೆನೆಯಬಹುದು.

ಪೊಕೆಮಾನ್ ಆಟಗಳ ಸಂದರ್ಭ ಇದಕ್ಕಿಂತ ಸರಳ, ಏಕೆಂದರೆ ಅಲ್ಲಿ ರಚನೆಕಾರರೇ ಸಂಖ್ಯೆ ನೀಡುತ್ತಾರೆ. 1996ರ ಮೊದಲ ಆಟಗಳಲ್ಲಿ 151 ಜೀವಿಗಳಿದ್ದವು. ವಿಕಿಗಳು ಸಂಖ್ಯೆಯನ್ನೇ ಗಡಿಯಾಗಿ ಸ್ವೀಕರಿಸಿವೆ. ಅಲ್ಲಿಯೂ ಒಂದು ಕುತೂಹಲವಿದೆ. 2016ರಲ್ಲಿ ಹಳೆಯ ಜೀವಿಗಳ ಪ್ರಾದೇಶಿಕ ರೂಪಗಳು ಬಂದವು. ರೂಪ, ಗುಣ ಎರಡೂ ಬದಲಾದರೂ ಸಂಖ್ಯೆ ಹಳೆಯದೇ, ಪುಟವೂ ಹಳೆಯದೇ. 2022ರಲ್ಲಿ ಬಂದ ವಿಗ್ಲೆಟ್ ಎಂಬುದು 1996ರ ಡಿಗ್ಲೆಟ್ಟನ್ನೇ ಹೋಲುತ್ತದೆ, ಹೆಸರೂ ಹತ್ತಿರದ್ದು. ಆದರೆ ಇವೆರಡಕ್ಕೂ ಸಂಬಂಧವಿಲ್ಲವೆಂದು ಆಟವೇ ಸಾರುತ್ತದೆ. ಡಿಗ್ಲೆಟ್ಟಿನ ಸಂಖ್ಯೆ 50, ವಿಗ್ಲೆಟ್ಟಿನದು 960. ಒಂದೇ ಮೂಲದಿಂದ ಪ್ರಸರಣವೋ, ಬೇರೆ ಬೇರೆ ಕಡೆ ಸ್ವತಂತ್ರ ಉಗಮವೋ ಎಂಬ ಹಳೆಯ ವಾದವನ್ನು ಇಲ್ಲಿ ರಚನೆಕಾರನೇ ಆಟದ ವಸ್ತುವಾಗಿ ಬಳಸಿಕೊಂಡಿದ್ದಾನೆ. ಆಂಡ್ರೂ ಲ್ಯಾಂಗ್ ಇದ್ದಿದ್ದರೆ ಸಂತೋಷಪಡುತ್ತಿದ್ದ.

ಒಂದು ಜೀವಿ, ಒಂದು ಹೆಸರು, ಒಂದು ಪುಟ ಎಂಬ ಮಾದರಿ ಜಪಾನಿನಲ್ಲಿ ಆಟಗಳಿಗಿಂತ ಬಹಳ ಹಿಂದಿನದು. ತೊರಿಯಾಮ ಸೆಕಿಯೆನ್ ಎಂಬ ಚಿತ್ರಕಾರ 1776ರಲ್ಲಿ ಯೊಕೈ ಎಂಬ ಅಲೌಕಿಕ ಜೀವಿಗಳನ್ನು ಹೆಸರು ಮತ್ತು ಚಿತ್ರಗಳೊಡನೆ ಮರದಚ್ಚಿನ ಪುಸ್ತಕವಾಗಿ ಪ್ರಕಟಿಸಿದ್ದ. ಮೌಖಿಕ ಪರಂಪರೆಯೂ ಆಟಗಳಲ್ಲಿ ಅಲ್ಲಲ್ಲಿ ಇಣುಕುತ್ತದೆ. ಮೋಡದ ಮೇಲೆ ಕುಳಿತು ಮುಳ್ಳಿನ ಮೊಟ್ಟೆಗಳನ್ನೆಸೆಯುವ ಲಾಕಿಟುವಿನ ಜಪಾನೀ ಹೆಸರು ಜುಗೆಮು. ಆ ಮೊಟ್ಟೆಯ ಹೆಸರು ಪೈಪೊ. ಎರಡೂ ರಾಕುಗೊ ಎಂಬ ಕಥನಕಲೆಯ ಪ್ರಸಿದ್ಧ ಹಾಸ್ಯಕಥೆಯೊಂದರಿಂದ ಬಂದವು. ಅದರಲ್ಲಿ ತಂದೆತಾಯಿ ಮಗುವಿಗೆ ಮುಗಿಯದಷ್ಟು ಉದ್ದದ ಹೆಸರಿಡುತ್ತಾರೆ. ಈ ಎರಡು ಪದಗಳೂ ಆ ಹೆಸರಿನ ತುಂಡುಗಳು. ಇಂಗ್ಲಿಷ್ ಹೆಸರನ್ನಷ್ಟೇ ನೋಡುವವನಿಗೆ ಎಸೆಯುವವನಿಗೂ ಮೊಟ್ಟೆಗೂ ಇರುವ ಈ ನಂಟು ಕಾಣದು. ಮೂಲಭಾಷೆಯ ಹೆಸರುಗಳನ್ನು ಪ್ರತಿ ಪುಟದಲ್ಲೂ ಅರ್ಥಸಹಿತ ದಾಖಲಿಸುವ ವಿಕಿಯ ಪದ್ಧತಿಗೆ ಇದರಿಂದಲೇ ಬೆಲೆ.

ಹೆಸರೇ ಪ್ರಮಾಣವಾದರೆ ಹೆಸರೇ ಇಲ್ಲದ ಎದುರಾಳಿಗಳನ್ನು ಏನು ಮಾಡುವುದು? ಸಂಪಾದಕರು ತಾವೇ ವಿವರಣಾತ್ಮಕ ಹೆಸರೊಂದನ್ನು ಇಟ್ಟು, ಇದು ಊಹಿತ ಹೆಸರು, ಅಧಿಕೃತವಲ್ಲ ಎಂಬ ಸೂಚನೆಯನ್ನು ಪುಟದ ತಲೆಯ ಮೇಲೆ ಹಾಕುತ್ತಾರೆ. 2018ರಲ್ಲಿ ಮಾರಿಯೊ ಆಟಗಳ ಅಧಿಕೃತ ವಿಶ್ವಕೋಶದ ಇಂಗ್ಲಿಷ್ ಅನುವಾದ ಹೊರಬಂದಾಗ, ವಿಕಿಯವರು ಹೀಗೆ ತಾತ್ಕಾಲಿಕವಾಗಿ ಇಟ್ಟಿದ್ದ ಹಲವು ಹೆಸರುಗಳು ಅದರಲ್ಲಿ ಅಧಿಕೃತ ಹೆಸರುಗಳಾಗಿ ಅಚ್ಚಾಗಿದ್ದವು. ಗ್ರಂಥವನ್ನು ಪ್ರಮಾಣವೆಂದು ಒಪ್ಪಿದರೆ ವಿಕಿ ತನ್ನನ್ನೇ ತಾನು ಉಲ್ಲೇಖಿಸಿದಂತಾಗುತ್ತಿತ್ತು. ಸಂಪಾದಕರು ಇದನ್ನು ಗುರುತಿಸಿ, ಆ ಹೆಸರುಗಳಿಗೆ ಆ ಗ್ರಂಥವನ್ನು ಆಧಾರವಾಗಿ ಸ್ವೀಕರಿಸಲು ನಿರಾಕರಿಸಿದರು. ಅಚ್ಚಾದ ಪಾಠವು ಗಾಯಕನ ಕಿವಿಗೆ ಮರಳಿ, ಮುಂದಿನ ಸಂಗ್ರಾಹಕನಿಗೆ ಪರಂಪರೆಯ ಪಾಠವಾಗಿ ದೊರೆಯುವ ಅಪಾಯವನ್ನು ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು. ಅದನ್ನು ಇಷ್ಟು ನಿಷ್ಠುರವಾಗಿ ತಡೆದ ನಿದರ್ಶನಗಳು ವಿರಳ.

ಇದು ಸಾಧ್ಯವಾದುದು ವಿಕಿಯ ಇನ್ನೊಂದು ಗುಣದಿಂದ. ಎರಡು ಪುಟಗಳನ್ನು ಕೂಡಿಸಬೇಕೆ, ಒಡೆಯಬೇಕೆ ಎಂಬ ಪ್ರಸ್ತಾವವನ್ನು ಅಲ್ಲಿ ಬರಹದಲ್ಲಿ ಮಂಡಿಸಿ, ಕಾರಣಗಳನ್ನು ಚರ್ಚಿಸಿ, ಮತಕ್ಕೆ ಹಾಕುತ್ತಾರೆ. ತಿರಸ್ಕೃತವಾದ ವಾದವೂ ಉಳಿಯುತ್ತದೆ. ಯಾವ ಹೆಸರು ಯಾವ ದಿನ ಬಂದಿತೆಂಬುದೂ ಉಳಿಯುತ್ತದೆ. ಥಾಂಪ್ಸನ್ನನ ಸೂಚಿಯಲ್ಲಿ ಒಂದು ಕಥೆ ಒಂದು ಸಂಖ್ಯೆಯಡಿ ಏಕೆ ಬಂದಿತು, ಪಕ್ಕದ ಸಂಖ್ಯೆಯಡಿ ಏಕೆ ಬರಲಿಲ್ಲ ಎಂಬುದಕ್ಕೆ ಇಂತಹ ಕಡತವಿಲ್ಲ. ಸೂಚಿಗಳ ವರ್ಗಗಳು ಒಂದರ ಮೇಲೊಂದು ಹಾಯುವುದನ್ನು ಡಂಡಸ್ 1997ರಲ್ಲಿ ಟೀಕಿಸಿದಾಗ ಪರಿಶೀಲಿಸಲು ಸಿಕ್ಕಿದ್ದು ಫಲಿತಾಂಶಗಳೇ ಹೊರತು ನಿರ್ಧಾರಗಳಲ್ಲ.

ಈ ಮಾತು ನಮ್ಮ ಕಥಾಸಂಗ್ರಹಗಳಿಗೂ ಅನ್ವಯಿಸುತ್ತದೆ. ಕಥೆ ಹೇಳುವವರು ಸಾಮಾನ್ಯವಾಗಿ ಕಥೆಗೆ ಶೀರ್ಷಿಕೆ ಕೊಡುವುದಿಲ್ಲ; ಅಚ್ಚಿನಲ್ಲಿ ಕಾಣುವ ಶೀರ್ಷಿಕೆಗಳಲ್ಲಿ ಹಲವು ಸಂಗ್ರಾಹಕರು ಇಟ್ಟವು. ವಕ್ತೃ ಬಳಸಿದ ಹೆಸರು ಯಾವುದು, ಸಂಪಾದಕ ಕಲ್ಪಿಸಿದ್ದು ಯಾವುದು ಎಂಬ ಗುರುತು ಬಹುತೇಕ ಸಂಪುಟಗಳಲ್ಲಿ ಇರುವುದಿಲ್ಲ. ಈಗ ಆ ಸಂಪುಟಗಳನ್ನು ಗಣಕಕ್ಕೆ ಅಳವಡಿಸುವಾಗ ಪ್ರತಿ ಶೀರ್ಷಿಕೆಯ ಎದುರು ಇದಕ್ಕೆಂದೇ ಒಂದು ಅಂಕಣವನ್ನು ಕಾದಿರಿಸಬೇಕು. ವಕ್ತೃಗಳೂ ಸಂಗ್ರಾಹಕರೂ ಬದುಕಿರುವ ಸಂಗ್ರಹಗಳಿಂದ ಈ ಕೆಲಸವನ್ನು ಆರಂಭಿಸಬಹುದು. ಉಳಿದವಕ್ಕೆ ಮೂಲ ಧ್ವನಿಸುರುಳಿ ಮತ್ತು ಕ್ಷೇತ್ರ ಟಿಪ್ಪಣಿಗಳನ್ನೇ ನೋಡಬೇಕಾಗುತ್ತದೆ.