ರಕ್ತದಲ್ಲಿ ಸಿಗದ ಕಾರಣ

ಶುಕ್ರವಾರ ಮಸ್ಕತ್ತಿನ ಘಾಲಾದಲ್ಲಿ ಹೋಲಿ ಸ್ಪಿರಿಟ್ ಇಗರ್ಜಿಯ ಅಂಗಳಕ್ಕೆ ಹೋದರೆ ಮಂಗಳೂರು, ಉಡುಪಿ ಕಡೆಯ ಮಾತು ಕಿವಿಗೆ ಬೀಳುತ್ತದೆ. ನಲವತ್ತೈದು ದಾಟಿದ ಹೆಂಗಸರು ಮಕ್ಕಳ ಕಾಲೇಜು, ಊರಿನ ಮನೆ, ವಿಮಾನದ ಟಿಕೆಟ್ ದರ ಎಲ್ಲ ಮಾತಾಡಿ ಮುಗಿದ ಮೇಲೆ ದನಿ ತಗ್ಗಿಸಿ ಹೇಳಿಕೊಳ್ಳುವುದು ಇನ್ನೊಂದು: "ಏನೂ ಬೇಡ ಅನಿಸ್ತದೆ ಅಕ್ಕಾ. ಸುಮ್ಮನೆ ಅಳು ಬರ್ತದೆ. ರಕ್ತ ಪರೀಕ್ಷೆ ಮಾಡಿಸಿದ್ರೆ ಎಲ್ಲ ನಾರ್ಮಲ್ ಅಂತೆ." ಆ ನಾರ್ಮಲ್ ಎಂಬ ಮಾತು ಕೇಳಿದವಳಿಗೆ ಸಮಾಧಾನವಾಗುವುದಿಲ್ಲ; ಹಾಗಾದರೆ ತಪ್ಪು ನನ್ನ ಸ್ವಭಾವದಲ್ಲೇ ಇರಬೇಕು ಎಂದುಕೊಂಡು ಮನೆಗೆ ಹೋಗುತ್ತಾಳೆ. ರಿಪೋರ್ಟು ಸುಳ್ಳು ಹೇಳಿರುವುದಿಲ್ಲ. ಅವಳ ಕಾರಣ ಆ ಕಾಗದದಲ್ಲಿ ಕಾಣುವಂಥದ್ದೇ ಅಲ್ಲ. ಇದು ತಿಳಿಯಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಮುಟ್ಟು ನಿಲ್ಲುವ ಕಾಲಕ್ಕೆ 'ಮೆನೋಪಾಸ್' ಎಂಬ ಹೆಸರು ಬಂದದ್ದು 1821ರಲ್ಲಿ, ಫ್ರಾನ್ಸಿನ ವೈದ್ಯ ಗಾರ್ಡಾನ್ ಬರೆದ ಪುಸ್ತಕದಿಂದ. ಆ ವಯಸ್ಸಿನ ಮನೋವ್ಯಥೆಯನ್ನು ಒಂದು ಕಾಯಿಲೆಯಾಗಿ ಪಠ್ಯಪುಸ್ತಕಕ್ಕೆ ಸೇರಿಸಿದವನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್. 1896ರಲ್ಲಿ ಅವನು ಅದನ್ನು 'ಇನ್ವೊಲ್ಯೂಷನಲ್ ಮೆಲಾಂಕೋಲಿಯಾ' ಎಂದು ಕರೆದ. ಇಳಿವಯಸ್ಸಿಗೆ ಕಾಲಿಡುತ್ತಿದ್ದಂತೆ ಹಿಡಿಯುವ ವಿಷಾದ ಎಂದು ಅದರ ಅರ್ಥ. ಮುಂದೆ ಅವನೇ ಆ ವಿಂಗಡಣೆಯನ್ನು ಕೈಬಿಟ್ಟರೂ ಹೆಸರು ಮಾತ್ರ ಉಳಿದುಕೊಂಡಿತು. ಅಂಡಾಶಯದ ಹಾರ್ಮೋನನ್ನು ಎಡ್ವರ್ಡ್ ಡಾಯ್ಸಿ ಮತ್ತು ಅಡಾಲ್ಫ್ ಬುಟೆನಾಂಟ್ 1929ರಲ್ಲಿ ಬೇರೆಬೇರೆಯಾಗಿ ಶುದ್ಧರೂಪದಲ್ಲಿ ತೆಗೆದರು. ಅದಾದ ಕೆಲವೇ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಈ ವಿಷಾದಕ್ಕೆ ಹಾರ್ಮೋನ್ ಚುಚ್ಚುಮದ್ದು ಶುರುವಾಯಿತು. ಹಾರ್ಮೋನ್ ಕಡಿಮೆಯಾಗಿದೆ, ತುಂಬಿಸಿದರೆ ಮನಸ್ಸು ಸರಿಹೋಗುತ್ತದೆ ಎಂಬ ಸರಳ ಲೆಕ್ಕ. ಕೆಲವರಿಗೆ ಗುಣ ಸಿಕ್ಕಿತು, ಕೆಲವರಿಗೆ ಇಲ್ಲ. ಏಕೆಂದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಗಾಳಿ ಪೂರ್ತಿ ಎದುರು ದಿಕ್ಕಿಗೆ ತಿರುಗಿತು. ಇದಕ್ಕೆ ನಮ್ಮ ದೇಶದ ಹೆಂಗಸರೂ ಕಾರಣರಾದರು. ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಚಾ ಫ್ಲಿಂಟ್ ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ 483 ರಜಪೂತ ಹೆಂಗಸರನ್ನು ಮಾತಾಡಿಸಿ 1975ರಲ್ಲಿ ಬರೆದರು: ಮುಟ್ಟು ನಿಂತಾಗ ಇವರಲ್ಲಿ ತೀರ ಕಡಿಮೆ ಜನರಿಗೆ ಮಾತ್ರ ತೊಂದರೆಯಾಗಿದೆ. ಮುಸುಕು ಸರಿಯುತ್ತದೆ, ಗಂಡಸರು ಕೂತಲ್ಲಿ ಕೂತು ಮಾತಾಡಬಹುದು, ಆ ವಯಸ್ಸು ಅವರಿಗೆ ಬಿಡುಗಡೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ತಿಂಗಳು ತಿಂಗಳೂ ಹೊರಗೆ ಕೂತವರು ಮಡಿಯ ಅಡುಗೆಮನೆಗೆ ಯಾವಾಗ ಬೇಕಾದರೂ ಹೋಗುವಂತಾದದ್ದು, ಐವತ್ತು ದಾಟಿದ ಮೇಲೆ ಇರುಮುಡಿ ಹೊತ್ತು ಶಬರಿಮಲೆ ಹತ್ತಿದ್ದು, ಇವನ್ನೆಲ್ಲ ಖುಷಿಯಿಂದ ಹೇಳುವ ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಆ ಖುಷಿ ನಿಜವಾದದ್ದು. ಆದರೆ ಅದನ್ನೇ ಹಿಡಿದು, ಮುಟ್ಟು ನಿಲ್ಲುವಾಗಿನ ಸಂಕಟವೆಲ್ಲ ಸಮಾಜ ಹುಟ್ಟಿಸಿದ್ದು ಎಂದು ವಾದಿಸಿದವರೂ ಇದ್ದರು. 1979ರಲ್ಲಿ ಮಿರ್ನಾ ವೈಸ್‌ಮನ್ ಎಂಬ ಸಂಶೋಧಕಿ ಬೇರೆಬೇರೆ ವಯಸ್ಸಿನ ಖಿನ್ನ ಹೆಂಗಸರನ್ನು ಹೋಲಿಸಿ, ಮುಟ್ಟು ನಿಲ್ಲುವ ವಯಸ್ಸಿನವರ ಖಿನ್ನತೆಗೆ ಪ್ರತ್ಯೇಕ ರೂಪವೇನೂ ಇಲ್ಲ ಎಂದು ತೋರಿಸಿದರು. ಮರುವರ್ಷ ಅಮೆರಿಕದ ಮನೋರೋಗಗಳ ಕೈಪಿಡಿಯಿಂದ ಕ್ರೇಪೆಲಿನ್ ಇಟ್ಟ ಹೆಸರು ಮಾಯವಾಯಿತು.

ವೈಸ್‌ಮನ್ ಹೇಳಿದ್ದು ಸರಿಯೇ. ಆದರೆ ಅವರು ಉತ್ತರಿಸಿದ್ದು ಬೇರೆ ಪ್ರಶ್ನೆಗೆ. ಈ ಖಿನ್ನತೆ ಉಳಿದ ಖಿನ್ನತೆಗಿಂತ ಭಿನ್ನವೇ ಎಂಬುದು ಒಂದು ಪ್ರಶ್ನೆ. ಚೆನ್ನಾಗಿದ್ದ ಹೆಂಗಸಿಗೆ ಈ ವರ್ಷಗಳಲ್ಲಿ ಖಿನ್ನತೆ ಬರುವ ಸಾಧ್ಯತೆ ಹೆಚ್ಚೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಿದ್ದರೆ ಅದೇ ಹೆಂಗಸನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ತಾಳ್ಮೆಯ ಆ ಕೆಲಸದ ಫಲ 2006ರಲ್ಲಿ ಎರಡು ಕಡೆಯಿಂದ ಬಂತು. ಹಾರ್ವರ್ಡ್‌ನಲ್ಲಿ ಲೀ ಕೋಹೆನ್ ತಂಡ ಮೊದಲು ಖಿನ್ನತೆಯೇ ಇರದಿದ್ದ 460 ಹೆಂಗಸರನ್ನು ಗಮನಿಸಿತ್ತು. ಮುಟ್ಟು ಏರುಪೇರಾಗತೊಡಗಿದವರಲ್ಲಿ ಖಿನ್ನತೆಯ ಲಕ್ಷಣ ಬರುವ ಸಂಭವ ಸುಮಾರು ಎರಡು ಪಟ್ಟು. ಪೆನ್ಸಿಲ್ವೇನಿಯಾದ ಎಲೆನ್ ಫ್ರೀಮನ್ 231 ಹೆಂಗಸರನ್ನು ಎಂಟು ವರ್ಷ ಹಿಂಬಾಲಿಸಿದರು. ಅದೇ ಹೆಂಗಸಿಗೆ ಹಿಂದಿನ ವರ್ಷಗಳಿಗಿಂತ ಈ ಹಂತದಲ್ಲಿ ಸಂಭವ ನಾಲ್ಕು ಪಟ್ಟು ಮೇಲೆ. ಜೊತೆಗೆ ಒಂದು ಸುಳಿವೂ ಸಿಕ್ಕಿತು. ಖಿನ್ನತೆಗೆ ಹೊಂದಿಕೆಯಾದದ್ದು ಈಸ್ಟ್ರಡಯಾಲ್ ಹಾರ್ಮೋನಿನ ಏರಿಳಿತ. ವೋಲ್ಟೇಜು ಮೇಲೆ ಕೆಳಗೆ ಹಾರಾಡಿ ಫ್ರಿಜ್ಜು ಸುಡುವುದುಂಟಲ್ಲ, ಹಾಗೆ.

ಈ ಸುಳಿವಿಗೆ ಪುರಾವೆ ಸಿಕ್ಕಿದ್ದು 2015ರಲ್ಲಿ. ಅಮೆರಿಕದ ಬೆಥೆಸ್ಡಾದಲ್ಲಿ ಪೀಟರ್ ಸ್ಮಿಟ್ ತಂಡ ಮುಟ್ಟು ನಿಂತ 56 ಹೆಂಗಸರನ್ನು ಕರೆಯಿತು. 26 ಮಂದಿ ಹಿಂದೆ ಈ ಕಾಲದ ಖಿನ್ನತೆ ಅನುಭವಿಸಿ, ಹಾರ್ಮೋನಿನಿಂದ ಗುಣ ಕಂಡು, ಈಗ ಚೆನ್ನಾಗಿದ್ದವರು. 30 ಮಂದಿಗೆ ಅದು ಬಂದೇ ಇರಲಿಲ್ಲ. ಎಲ್ಲರ ಮೈಗೂ ಮೂರು ವಾರ ಈಸ್ಟ್ರಡಯಾಲ್ ಪಟ್ಟಿ ಅಂಟಿಸಿದರು. ಮುಂದಿನ ಮೂರು ವಾರ ಅರ್ಧದಷ್ಟು ಜನರಿಗೆ ಅದೇ ಪಟ್ಟಿ, ಉಳಿದವರಿಗೆ ಔಷಧವಿಲ್ಲದ ಪಟ್ಟಿ. ಯಾರದ್ದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಖಾಲಿ ಪಟ್ಟಿ ಸಿಕ್ಕವರಲ್ಲಿ, ಹಿಂದೆ ಖಿನ್ನತೆ ಕಂಡಿದ್ದವರಿಗೆ ಅದು ಮರಳಿತು. ಉಳಿದವರ ಮನಸ್ಸು ಅಲುಗಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕೂ ಮುಂದಿನ ಮಾತು: ಎರಡೂ ಗುಂಪಿನವರ ರಕ್ತದಲ್ಲಿ ಹಾರ್ಮೋನ್ ಮಟ್ಟ ಒಂದೇ ತರಹ ಇತ್ತು, ಮೈ ಬಿಸಿಯೇರಿ ಬೆವರುವುದೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಇಳಿತ ಒಬ್ಬಳನ್ನು ಕೆಡವುತ್ತದೆ, ಇನ್ನೊಬ್ಬಳಿಗೆ ತಟ್ಟುವುದೇ ಇಲ್ಲ. ವ್ಯತ್ಯಾಸವಿರುವುದು ಆ ಇಳಿತಕ್ಕೆ ಮೆದುಳು ಸ್ಪಂದಿಸುವ ರೀತಿಯಲ್ಲಿ. ಒಂದು ದಿನ ತೆಗೆದ ರಕ್ತ ಅದನ್ನು ಹೇಗೆ ತೋರಿಸೀತು!

ಘಾಲಾದಂಥ ಊರಿನಲ್ಲಿ ಇದು ಮುಚ್ಚಿಹೋಗಲು ಇನ್ನೊಂದು ಕಾರಣವಿದೆ. ಇಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದ ಮಕ್ಕಳು ಮಂಗಳೂರಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೊರಡುತ್ತಾರೆ, ಸರಿಯಾಗಿ ತಾಯಿಯ ಮುಟ್ಟು ಏರುಪೇರಾಗುವ ವಯಸ್ಸಿಗೆ. ಫ್ಲ್ಯಾಟು ಖಾಲಿ, ಗಂಡ ಸೈಟಿನಿಂದ ಬರುವುದು ರಾತ್ರಿ, ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ. ರಾತ್ರಿ ಎಸಿಯ ಕೆಳಗೇ ಬೆವರಿ ಎದ್ದು ಕೂತು ನಿದ್ದೆಗೆಡುವುದು ಬೇರೆ. "ಮಗ ಹೋದನಲ್ಲ, ಅದಕ್ಕೇ ಬೇಜಾರು" ಎಂದು ಮನೆಯವರೂ ಹೇಳುತ್ತಾರೆ, ಅವಳೂ ನಂಬುತ್ತಾಳೆ. ಮಗ ಹೋದ ದುಃಖ ಸುಳ್ಳಲ್ಲ. ಆದರೆ ಮಗ ರಜೆಗೆ ಬಂದು ಎದುರು ಕೂತಾಗಲೂ ಮನಸ್ಸು ಏಳದಿದ್ದರೆ ವೈದ್ಯರ ಬಳಿ ಹೋಗಲೇಬೇಕು.

ಹೋಗುವಾಗ ರಿಪೋರ್ಟಿಗಿಂತ ಹೆಚ್ಚು ನೆರವಾಗುವುದು ಒಂದು ಕ್ಯಾಲೆಂಡರ್. ಮುಟ್ಟಾದ ದಿನ, ನಿದ್ದೆ ಕೆಟ್ಟ ರಾತ್ರಿ, ಅಳು ಬಂದ ದಿನ, ಸಿಟ್ಟು ಉಕ್ಕಿದ ದಿನ, ಇವನ್ನು ಎರಡು ಮೂರು ತಿಂಗಳು ಗುರುತಿಸಿಟ್ಟರೆ ಏರಿಳಿತ ಕಣ್ಣಿಗೆ ಕಾಣತೊಡಗುತ್ತದೆ. ಹಾಗೆಂದು ತೀರಾ ಕುಸಿದವರು ಕ್ಯಾಲೆಂಡರ್ ತುಂಬಲಿ ಎಂದು ಕಾಯಬಾರದು. ಬಾಣಂತನದಲ್ಲಿ ಮಂಕಾಗಿದ್ದರೆ, ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮನಸ್ಸು ಕೆಡುತ್ತಿದ್ದರೆ ಅದನ್ನೂ ಹೇಳಬೇಕು. ಅಂಥವರಿಗೆ ಈ ಕಾಲ ಹೆಚ್ಚು ಕಷ್ಟದ್ದಾಗಬಹುದು. ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸುವುದೂ ಸರಿಯೇ, ಅವೂ ಇದೇ ವೇಷದಲ್ಲಿ ಬರುತ್ತವೆ. ಖಿನ್ನತೆಯ ಮಾತ್ರೆ, ಆಪ್ತಸಲಹೆ ಎರಡಕ್ಕೂ ಫಲವಿದೆ. ಹಾರ್ಮೋನ್ ಪಟ್ಟಿಯಿಂದಲೂ ಕೆಲವರಿಗೆ ಗುಣವಾಗುತ್ತದೆ. 2001ರಲ್ಲಿ ಬ್ರೆಜಿಲ್‌ನ ಕ್ಲಾಡಿಯೊ ಸೊಆರೆಸ್ 50 ಹೆಂಗಸರ ಮೇಲೆ ನಡೆಸಿದ ಪ್ರಯೋಗದಲ್ಲಿ ಪಟ್ಟಿ ಹಾಕಿಕೊಂಡವರ ಪೈಕಿ ಶೇ. 68 ಮಂದಿ ಚೇತರಿಸಿಕೊಂಡರು, ಖಾಲಿ ಪಟ್ಟಿಯವರ ಪೈಕಿ ಶೇ. 20. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಸಾಮಾನ್ಯವಾಗಿ ಸಲ್ಲದು, ಗರ್ಭಕೋಶ ಇರುವವರಿಗೆ ಪ್ರೊಜೆಸ್ಟರಾನ್ ಜೊತೆಗೆ ಬೇಕು. ಆದ್ದರಿಂದ ಗೆಳತಿಯ ಚೀಟಿ ನೋಡಿ ಔಷಧದಂಗಡಿಗೆ ಹೋಗುವ ವಿಷಯವಲ್ಲ ಇದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಮನೆಯವರಿಗೆ ಹೇಳಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ರಾತ್ರಿ ಎಷ್ಟೇ ಹೊತ್ತಾಗಿರಲಿ.