ಸೋಲಿಗರ ಪೋಡಿನಲ್ಲಿ ಸಿಕಲ್ ಸೆಲ್ ವಿರುದ್ಧ ಹೋರಾಟ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ, ಆಸ್ಪತ್ರೆಗಳ ಹೆಸರು ನಾಡಿಗೆಲ್ಲ ಗೊತ್ತು. ಪೋಡು ಎಂಬ ಹಾಡಿಗಳಲ್ಲಿ ಬದುಕುವ ಇಲ್ಲಿನ ಬುಡಕಟ್ಟು ಜನ ಸೋಲಿಗರ ನಡುವೆ ಅದು ಮಾಡಿದ ಇನ್ನೊಂದು ದೊಡ್ಡ ಕೆಲಸವೆಂದರೆ ಸಿಕಲ್ ಸೆಲ್ ರಕ್ತಹೀನತೆಯ ಪತ್ತೆ ಮತ್ತು ಚಿಕಿತ್ಸೆ.

ಇದು ವಂಶವಾಹಿಯಿಂದ ಬರುವ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲು, ಎದೆಯಲ್ಲಿ ತಡೆಯಲಾರದ ನೋವು ತರುತ್ತದೆ. ತಂದೆ ತಾಯಿ ಇಬ್ಬರೂ ಈ ವಂಶವಾಹಿಯ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುವುದರಿಂದ ರಕ್ತಪರೀಕ್ಷೆಯಿಲ್ಲದೆ ಅವರಿಗೂ ವಿಷಯ ತಿಳಿಯದು.

ಇದೇ ಜಿಲ್ಲೆಯ ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸಿಗುವ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಂಶೋಧಕರಾದ ಲೆಹ್ಮನ್ ಮತ್ತು ಕಟ್‌ಬುಷ್ 1952ರಲ್ಲೇ ಸಿಕಲ್ ಸೆಲ್ ಗುಣವನ್ನು ಗುರುತಿಸಿದ್ದರು. ವಾಹಕರಿಗೆ ಮಾರಕ ಮಲೇರಿಯಾದಿಂದ ಒಂದಷ್ಟು ರಕ್ಷಣೆ ಸಿಗುತ್ತದೆ. ಮಲೇರಿಯಾ ಕಾಡಿದ ಸೀಮೆಗಳಲ್ಲಿ ಈ ವಂಶವಾಹಿ ಉಳಿದು ಬಂದದ್ದು ಅದರಿಂದಲೇ.

ಕ್ಯಾನ್ಸರ್ ಸಂಶೋಧನೆಗೂ ಈ ಕಾಯಿಲೆಗೂ ನಂಟಿದೆ. ರಕ್ತದ ಕ್ಯಾನ್ಸರ್‌ಗೆ ಬಳಸುತ್ತಿದ್ದ ಹೈಡ್ರಾಕ್ಸಿಯೂರಿಯಾ ಗುಳಿಗೆಯೇ ಇಂದು ಸಿಕಲ್ ಸೆಲ್ ರೋಗಿಗಳ ಮುಖ್ಯ ಔಷಧ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಮಾನ್ಯತೆ ಸಿಕ್ಕಿತು. ಗರ್ಭದಲ್ಲಿರುವಾಗಿನ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಮಾಡಿ ಅದು ನೋವು ಮರುಕಳಿಸುವುದನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ನುಂಗಿದರೆ ಅದರಿಂದಲೇ ಕ್ಯಾನ್ಸರ್ ಬಂದೀತೇ ಎಂಬ ಭಯವಿತ್ತು. ದೀರ್ಘಕಾಲದ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ಆದರೆ ವಾಹಕರಲ್ಲಿ ಮೂತ್ರಪಿಂಡದ ಒಳಭಾಗದ ಒಂದು ಕ್ಯಾನ್ಸರ್ ಅತಿ ಅಪರೂಪವಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ತಡೆಯುವುದು ಹೇಗೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ಆರಂಭಿಸಿತು. 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಅದರ ಗುರಿ. ಆದರೆ ರಕ್ತ ತೆಗೆದು ಫಲಿತಾಂಶದ ಕಾರ್ಡು ಕೊಟ್ಟಲ್ಲಿಗೆ ಕೆಲಸ ಮುಗಿಯದು. ಹುಟ್ಟಿದ ಕೂಡಲೇ ಕಾಯಿಲೆ ಗುರುತಿಸಿ, ಸೋಂಕು ತಡೆಯಲು ಪೆನಿಸಿಲಿನ್ ಮತ್ತು ಲಸಿಕೆ ಕೊಟ್ಟರೆ ಎಷ್ಟೋ ಮಕ್ಕಳ ಜೀವ ಉಳಿಯುತ್ತದೆ. ಹೈಡ್ರಾಕ್ಸಿಯೂರಿಯಾ ಗುಳಿಗೆ ತಪ್ಪದೆ ಸಿಗಬೇಕು, ಆಗಾಗ ರಕ್ತಪರೀಕ್ಷೆಯೂ ಆಗಬೇಕು. ವಾಹಕಿ ಎಂಬ ಕಾರಣಕ್ಕೆ ಯಾವ ಹೆಣ್ಣುಮಗಳ ಮದುವೆಯೂ ಮುರಿಯಬಾರದು; ಬೇಕಿರುವುದು ಇಬ್ಬರಿಗೂ ತಿಳಿವಳಿಕೆ.

ಇದೆಲ್ಲ ಒಂದು ದಿನದ ಶಿಬಿರದಿಂದ ಆಗುವಂಥದ್ದಲ್ಲ. ಜನರ ನಡುವೆಯೇ ನೆಲೆಸಿ, ಅವರ ವಿಶ್ವಾಸ ಗಳಿಸಿದವರಿಂದ ಮಾತ್ರ ಸಾಧ್ಯ ಎಂಬುದನ್ನು ಬೆಟ್ಟದ ಈ ಸಂಸ್ಥೆ ನಾಲ್ಕು ದಶಕಗಳಲ್ಲಿ ತೋರಿಸಿಕೊಟ್ಟಿದೆ. ಗುಂಡ್ಲುಪೇಟೆಯ ಕಾಡಂಚಿನ ಹಾಡಿಗಳಿಗೂ ಅಂಥ ಆರೈಕೆ ಸಲ್ಲಬೇಕು.